ಒಬ್ಬರೇ ಹೊರಟರೆ ಹೊಳೆಯ ದಾರಿ

ಚಿಕ್ಕೋಡಿ ರೋಡ್ ನಿಲ್ದಾಣದಲ್ಲಿ ಇಳಿದವರಿಗೆ ಚಿಕ್ಕೋಡಿ ಕಾಣುವುದಿಲ್ಲ. ಮಿರಜ–ಲೋಂಡಾ ಮಾರ್ಗದ ಆ ನಿಲ್ದಾಣದಲ್ಲಿ ಊರಿನ ಹೆಸರಿದೆ, ಊರಿಲ್ಲ. ಪೇಟೆ ಸೇರಲು ಮತ್ತೆ ಬಸ್ಸು ಹಿಡಿಯಬೇಕು. ನಿಪ್ಪಾಣಿಗೂ ಅಥಣಿಗೂ ರೈಲೇ ಇಲ್ಲ. ಕಾಗವಾಡಕ್ಕೆ ಹೋಗುವವರು ಶೇಡಬಾಳದಲ್ಲಿ ಇಳಿಯುತ್ತಾರೆ. ರಾಯಬಾಗವೂ ಸೇರಿ ನಕಾಶೆಯಲ್ಲಿ ಒಂದಕ್ಕೊಂದು ಅಂಟಿಕೊಂಡಂತೆ ಕಾಣುವ ಈ ಐದು ಪೇಟೆಗಳನ್ನು ಒಂದೇ ದಿನ ಸುತ್ತಿ ಬರುವೆನೆಂದು ಬ್ಯಾಗು ಹೆಗಲಿಗೇರಿಸಿ ಹೊರಟ ಒಂಟಿ ಪ್ರವಾಸಿಗೆ ಸಂಜೆಯ ಹೊತ್ತಿಗೆ ಐದು ಬಸ್‌ ನಿಲ್ದಾಣಗಳ ಪರಿಚಯ ಮಾತ್ರ ಆಗಿರುತ್ತದೆ.

ಹಾಗಾದರೆ ಯಾವುದರ ಬೆನ್ನು ಹತ್ತಬೇಕು? ಉತ್ತರ ಸಿಕ್ಕಿದ್ದು ಬ್ಯಾಂಕಾಕಿನ ಮಾತಿನಿಂದ. ಆ ಊರಿಗೆ ಒಬ್ಬರೇ ಹೋಗಿ ಬಂದವರು ಒಂದೇ ದಿನದಲ್ಲಿ ಅರಮನೆ, ವಾಟ್ ಫೋ, ವಾಟ್ ಅರುಣ್ ಎಲ್ಲವನ್ನೂ ನೋಡಿದೆವೆಂದು ಹೇಳುತ್ತಾರೆ. ಅಷ್ಟು ಗದ್ದಲದ ನಗರದಲ್ಲಿ ಅದು ಸಾಧ್ಯವಾಗುವುದು ಚಾವೊ ಫ್ರಾಯಾ ನದಿಯಿಂದ. ನೋಡುವಂಥವೆಲ್ಲ ಅದರ ಎರಡೂ ದಡದಲ್ಲಿವೆ. ಧ್ವಜದ ಬಣ್ಣ ನೋಡಿ ದೋಣಿ ಹತ್ತಿದರೆ ರಸ್ತೆಯ ಸಂದಣಿಯ ಗೊಡವೆಯೇ ಇಲ್ಲ. ಬೆಳಗಾವಿ ಜಿಲ್ಲೆಯ ಈ ವಾಯವ್ಯ ಮೂಲೆಯಲ್ಲೂ ಒಂದು ಹೊಳೆ ಇದೆ. ಕೃಷ್ಣೆ ಮಹಾರಾಷ್ಟ್ರದಿಂದ ಕರ್ನಾಟಕಕ್ಕೆ ಕಾಲಿಡುವುದು ಇಲ್ಲಿಯೇ; ವೇದಗಂಗೆ ದೂಧಗಂಗೆಗೆ ಸೇರಿ, ದೂಧಗಂಗೆ ಕೃಷ್ಣೆಗೆ ಸೇರುವುದೂ ಇಲ್ಲಿಯೇ. ಪ್ರವಾಸಿಗಳ ದೋಣಿ ಇಲ್ಲ, ಧ್ವಜವಿಲ್ಲ, ಟಿಕೆಟ್ಟಿಲ್ಲ. ಆದರೆ ತಾಲ್ಲೂಕು ಕೇಂದ್ರಗಳ ಪಟ್ಟಿಯನ್ನು ಬದಿಗಿಟ್ಟು ನೀರಿನ ಗುಂಟ ನಡೆದವರಿಗೆ ಈ ಸೀಮೆ ತಾನಾಗಿ ತೆರೆದುಕೊಳ್ಳುತ್ತದೆ. ಹಲವು ಸಲ ಸುತ್ತಿದ ಮೇಲೆ ನನಗೆ ಖಾತ್ರಿಯಾದದ್ದು ಇದೊಂದೇ.

ನಿಪ್ಪಾಣಿಯಿಂದ ಶುರು ಮಾಡುವುದು ಸುಲಭ. ಪುಣೆ–ಬೆಂಗಳೂರು ಹೆದ್ದಾರಿಯ ಮೇಲಿರುವುದರಿಂದ ನಸುಕಿನಲ್ಲೇ ಯಾವುದಾದರೂ ಬಸ್ಸು ತಂದು ಇಳಿಸುತ್ತದೆ. ಬಸ್‌ ನಿಲ್ದಾಣದ ಸುತ್ತ ಮಿಸಳ್‌ಪಾವಿನ ಕೆಂಪು ಎಣ್ಣೆಯ ಘಾಟು, ಒಳಗಿನ ಓಣಿಗಳಿಗೆ ಹೊಕ್ಕರೆ ತಂಬಾಕಿನ ಘಾಟು. ಬೀಡಿ ತಂಬಾಕಿನ ದೊಡ್ಡ ಪೇಟೆ ಇದು. ಹಳೆಯ ವಖಾರಿಗಳ ಎತ್ತರದ ಗೋಡೆಗಳ ಹಿಂದೆ ತಂಬಾಕು ಕುಟ್ಟಿ, ಜರಡಿ ಹಿಡಿದು, ಧೂಳು ಕುಡಿದು ದುಡಿದವರು ಹೆಚ್ಚಾಗಿ ಹೆಂಗಸರು. ಅವರು ಸಂಘ ಕಟ್ಟಿ ಕೂಲಿಗಾಗಿ ಹೋರಾಡಿದ ಕಥೆ ಬೇರೆಯೇ ಒಂದು ಪುಸ್ತಕದಷ್ಟಿದೆ. 1981ರಲ್ಲಿ ತಂಬಾಕಿಗೆ ನ್ಯಾಯವಾದ ಬೆಲೆ ಕೇಳಿ ಶರದ ಜೋಶಿಯವರ ಮುಂದಾಳತ್ವದಲ್ಲಿ ಸಾವಿರಾರು ರೈತರು ಇದೇ ಹೆದ್ದಾರಿಯ ಮೇಲೆ ವಾರಗಟ್ಟಲೆ ಕೂತರು. ಏಪ್ರಿಲ್‌ನಲ್ಲಿ ನಡೆದ ಗೋಲಿಬಾರಿನಲ್ಲಿ ರೈತರು ಜೀವ ಕಳೆದುಕೊಂಡರು. ಅದಕ್ಕೂ ಐವತ್ತಾರು ವರ್ಷ ಹಿಂದೆ, 1925ರ ಏಪ್ರಿಲ್‌ನಲ್ಲಿ, ಡಾ. ಅಂಬೇಡ್ಕರರು ಮುಂಬೈ ಪ್ರಾಂತದ ಬಹಿಷ್ಕೃತರ ಪರಿಷತ್ತಿಗಾಗಿ ಬಂದದ್ದೂ ಈ ನಿಪ್ಪಾಣಿಗೇ. ಇಂಥ ಊರಿನಲ್ಲಿ ‘ನೋಡೋದು ಏನೈತ್ರಿ?’ ಎಂದು ಕೇಳಿದರೆ ಜನ ತವಂದಿ ಘಾಟಿನ ಕಡೆಗಿರುವ ಸ್ತವನಿಧಿ ಜೈನ ಕ್ಷೇತ್ರದತ್ತ ಬೆರಳು ತೋರಿಸುತ್ತಾರೆ. ವಖಾರಿಗಳ ಸುದ್ದಿ ಎತ್ತುವುದಿಲ್ಲ. ದಿನಾ ದುಡಿಯುವ ಜಾಗವನ್ನು ಯಾರು ತಾನೇ ನೋಡುವ ಜಾಗ ಎನ್ನುತ್ತಾರೆ? ಅಲ್ಲಿ ಪ್ರವಾಸಿಯೇ ಬಾಯಿಬಿಟ್ಟು ಕೇಳಬೇಕು.

ಕೇಳುವುದು ಯಾವ ಭಾಷೆಯಲ್ಲಿ? ಬೆಂಗಳೂರು, ಮೈಸೂರು ಕಡೆಯಿಂದ ಬಂದವರು ಮರಾಠಿ ಫಲಕಗಳನ್ನು ಕಂಡು ಹಿಂಜರಿದು ಹಿಂದಿಗೆ ಇಳಿಯುತ್ತಾರೆ. ಅದರ ಅಗತ್ಯವಿಲ್ಲ. ಅಂಗಡಿಯಲ್ಲಿ ಕನ್ನಡದಲ್ಲೇ ಶುರು ಮಾಡಿದರೆ ಅವರು ತಮಗೆ ಅನುಕೂಲವಾದದ್ದರಲ್ಲಿ ಮುಂದುವರಿಸುತ್ತಾರೆ. ಒಂದೇ ಮನೆಯಲ್ಲಿ ಎರಡು ನುಡಿಯಾಡುವವರು ಇಲ್ಲಿ ಧಾರಾಳ. ಪಕ್ಕದ ಅರ್ಜುನನಗರದ ದೇವಚಂದ ಕಾಲೇಜು ಲೆಕ್ಕಕ್ಕೆ ಕೊಲ್ಹಾಪುರ ಜಿಲ್ಲೆಯದು, ಕಲಿಯುವ ಮಕ್ಕಳಲ್ಲಿ ನಿಪ್ಪಾಣಿಯವರು ಬಹಳ. ಗಡಿ ತಂಟೆ ಎದ್ದಾಗ ಮಾತ್ರ ಪ್ರವಾಸಿ ಎಚ್ಚರವಾಗಿರಬೇಕು. 2022ರ ಡಿಸೆಂಬರ್‌ನಲ್ಲಿ, 2025ರ ಫೆಬ್ರವರಿಯಲ್ಲಿ ಆದಂತೆ, ಮೊದಲು ನಿಲ್ಲುವುದು ಎರಡೂ ರಾಜ್ಯಗಳ ಬಸ್ಸು. ಹೊರಡುವ ಮುನ್ನ ಅಂದಿನ ಪತ್ರಿಕೆಯ ಜಿಲ್ಲಾ ಪುಟದ ಮೇಲೆ ಕಣ್ಣಾಡಿಸುವುದು ಒಳ್ಳೆಯದು.

ನಿಪ್ಪಾಣಿಯಿಂದ ಹೊಳೆಸಾಲಿಗೆ ಇಳಿದರೆ ಭೋಜ, ಅಲ್ಲಿಂದ ಮುಂದೆ ಸದಲಗಾ. ಹೊರಗಿನಿಂದ ಕಬ್ಬಿನ ನಡುವಿನ ಸಾಮಾನ್ಯ ಊರುಗಳು. ಆದರೆ ಇಪ್ಪತ್ತನೆಯ ಶತಮಾನದ ದಿಗಂಬರ ಜೈನ ಮುನಿ ಪರಂಪರೆಗೆ ಮರುಜೀವ ಕೊಟ್ಟ ಆಚಾರ್ಯ ಶಾಂತಿಸಾಗರರು (1872–1955) ಭೋಜದ ಮನೆತನದವರು. ಆಚಾರ್ಯ ವಿದ್ಯಾಸಾಗರರು 1946ರ ಅಕ್ಟೋಬರ್ 10ರಂದು ಹುಟ್ಟಿದ್ದು ಸದಲಗಾದಲ್ಲಿ. ಮನೆಮಾತು ಕನ್ನಡವಾದ ಅವರು ಹಿಂದಿಯಲ್ಲಿ ‘ಮೂಕಮಾಟಿ’ ಮಹಾಕಾವ್ಯ ಬರೆದರು, ಮಧ್ಯ ಭಾರತದ ತುಂಬ ನಡೆದಾಡಿದರು, 2024ರ ಫೆಬ್ರವರಿ 18ರಂದು ಛತ್ತೀಸಗಢದ ಡೋಂಗರಗಢದಲ್ಲಿ ಸಲ್ಲೇಖನದಿಂದ ದೇಹ ಬಿಟ್ಟರು. ಹೊಳೆ ದಾಟಿ ಕಾಗವಾಡ ಸೀಮೆಗೆ ಹೋದರೆ ಶೇಡಬಾಳ, ಆಚಾರ್ಯ ವಿದ್ಯಾನಂದರು (1925–2019) ಹುಟ್ಟಿದ ಊರು. ಒಂದೇ ನದಿ ಬಯಲಿನ ಮೂರು ಊರು, ಮೂವರು ಆಚಾರ್ಯರು. ಉತ್ತರ ಭಾರತದ ಜೈನರಿಗೆ ಸದಲಗಾ ಎಂಬ ಹೆಸರು ಗೊತ್ತು. ನಮ್ಮ ರಾಜ್ಯದಲ್ಲಿ ಎಷ್ಟು ಮಂದಿಗೆ ಗೊತ್ತು ಎಂದು ಕೇಳಿಕೊಂಡರೆ ನಾಚಿಕೆಯಾಗುತ್ತದೆ.

ಈ ಬಸ್ಸುಗಳಲ್ಲಿ ಒಬ್ಬರೇ ಕೂತವರನ್ನು ಯಾರೂ ಸುಮ್ಮನೆ ಬಿಡುವುದಿಲ್ಲ. ಪಕ್ಕದ ಅಜ್ಜಿಯ ಮೊದಲ ಪ್ರಶ್ನೆ ‘ಯಾವೂರವಾ ನಿಂದು?’, ಎರಡನೆಯದು ‘ಒಬ್ಬಾಕಿನ ಯಾಕ ಹೊಂಟೀ?’. ಗಂಡಸಾದರೆ ‘ಯಾವೂರಪಾ, ಒಬ್ಬಾಂವನ ಬಂದೀಯೇನ?’ ಬರಿ ತಿರುಗಾಡಲು ಬಂದೆ ಎಂಬ ಉತ್ತರವನ್ನು ಯಾರೂ ನಂಬುವುದಿಲ್ಲ. ಕನ್ಯೆ ನೋಡಲೋ, ಹೊಲ ನೋಡಲೋ, ಸಾಲ ವಸೂಲಿಗೋ ಬಂದಿರಬೇಕೆಂದು ಅವರವರೇ ತೀರ್ಮಾನಿಸುತ್ತಾರೆ. ‘ಯಡೂರ ವೀರಭದ್ರಗ ಹೊಂಟೀನ್ರಿ’ ಎಂದುಬಿಟ್ಟರೆ ಪ್ರಶ್ನೆಗಳೂ ನಿಲ್ಲುತ್ತವೆ, ಎಲ್ಲಿ ಇಳಿಯಬೇಕು, ಮುಂದೆ ಯಾವ ಗಾಡಿ, ಪ್ರಸಾದ ಎಷ್ಟೊತ್ತಿಗೆ ಎಂಬ ಮಾಹಿತಿಯೂ ಪುಕ್ಕಟೆ ಸಿಗುತ್ತದೆ. ದೇವರ ಹೆಸರು ಇಲ್ಲಿ ಒಳ್ಳೆಯ ವಿಳಾಸ. ಒಂಟಿ ಹೆಣ್ಣುಮಕ್ಕಳಿಗೆ ಇನ್ನೊಂದು ಮಾತು: 2023ರ ಜೂನ್‌ನಿಂದ ಇರುವ ಉಚಿತ ಪ್ರಯಾಣ ನಮ್ಮ ರಾಜ್ಯದ ಯೋಜನೆ, ಗಡಿ ದಾಟುವ ಬಸ್ಸಾದರೆ ಹತ್ತುವಾಗಲೇ ಕಂಡಕ್ಟರರನ್ನು ಕೇಳಿಕೊಳ್ಳಬೇಕು.

ಇಡೀ ತಿರುಗಾಟದಲ್ಲಿ ನನಗೆ ಎಲ್ಲಕ್ಕಿಂತ ಮೆಚ್ಚಿಗೆಯಾದದ್ದು ಯಡೂರ ಮತ್ತು ಖಿದ್ರಾಪುರದ ಜೋಡಿ. ಕೃಷ್ಣೆಯ ದಡದ ಯಡೂರ ಚಿಕ್ಕೋಡಿ ತಾಲ್ಲೂಕಿನದು. ವೀರಭದ್ರೇಶ್ವರನ ದೊಡ್ಡ ಕ್ಷೇತ್ರ. ಶ್ರೀಶೈಲ ಪೀಠದ ಜೊತೆ ಗಟ್ಟಿ ನಂಟು. ಖಿದ್ರಾಪುರ ಮಹಾರಾಷ್ಟ್ರದ ಶಿರೋಳ ತಾಲ್ಲೂಕಿನದು. ಅಲ್ಲಿರುವುದು ಶಿಲಾಹಾರರ ಕಾಲದ, 12ನೇ ಶತಮಾನದ ಕೋಪೇಶ್ವರ ಗುಡಿ. ಅದರ ಸ್ವರ್ಗಮಂಟಪದ ನಡುವೆ ಮಾಡೇ ಇಲ್ಲ. ಕಂಬಗಳ ವರ್ತುಲದ ಮೇಲೆ ದುಂಡಗೆ ಆಕಾಶ. ಮಧ್ಯಾಹ್ನದ ಬಿಸಿಲು ನೆಲದ ದುಂಡು ಕಲ್ಲಿನ ಮೇಲೆ ನೇರ ಬಿದ್ದಾಗ ನೋಡಬೇಕು. ಅಡಿಪಾಯದ ಸುತ್ತ ಆನೆಗಳ ಸಾಲು, ಒಳಗೆ ಕೋಪೇಶ್ವರನ ಜೊತೆಗೆ ವಿಷ್ಣುರೂಪಿ ಎನ್ನುವ ಧೋಪೇಶ್ವರನ ಲಿಂಗ. ಯಾದವ ಸಿಂಘಣನ 1213ರ ಸಂಸ್ಕೃತ ಶಾಸನವಿದೆ, ಹಳಗನ್ನಡ ಶಾಸನಗಳೂ ಇವೆ. ಮಹಾರಾಷ್ಟ್ರದ ಹಳ್ಳಿಯಲ್ಲಿ ನಿಂತು ಕನ್ನಡ ಅಕ್ಷರ ಓದಲು ತಡವರಿಸುವ ಅನುಭವ ಪ್ರತಿ ಕನ್ನಡಿಗನಿಗೂ ಒಮ್ಮೆ ಆಗಲಿ.

ಇಷ್ಟೆಲ್ಲ ಇರುವ ಶಿವಾಲಯದಲ್ಲಿ ನಂದಿಯೇ ಇಲ್ಲ. ನಂದಿ ಎಲ್ಲಿ ಎಂದು ಕೇಳಿದರೆ ಅಲ್ಲಿನವರು ನದಿಯತ್ತ ಕೈ ತೋರಿಸುತ್ತಾರೆ: ‘ತೋ ಯಡೂರಲಾ ಆಹೇ.’ ಯಡೂರಿನಲ್ಲಿರುವ ನಂದಿಯೇ ಕೋಪೇಶ್ವರನ ನಂದಿ ಎಂಬುದು ಎರಡೂ ಊರಿನವರ ನಂಬಿಕೆ. ದೇವರು ಒಂದು ರಾಜ್ಯದಲ್ಲಿ, ವಾಹನ ಇನ್ನೊಂದರಲ್ಲಿ. 1956ರಲ್ಲಿ ರಾಜ್ಯಗಳನ್ನು ಹಂಚಿದವರಾಗಲಿ, ಗಡಿಯ ಬಗ್ಗೆ 1967ರಲ್ಲಿ ವರದಿ ಕೊಟ್ಟ ಮಹಾಜನ ಆಯೋಗವಾಗಲಿ ಇದನ್ನು ಲೆಕ್ಕಕ್ಕೆ ತೆಗೆದುಕೊಂಡಂತಿಲ್ಲ! ಎರಡರಲ್ಲಿ ಒಂದನ್ನಷ್ಟೇ ನೋಡಿ ಹಿಂತಿರುಗಿದರೆ ಅರ್ಧ ನೋಡಿದ ಹಾಗೆ.

ಈ ದಾರಿಯಲ್ಲಿ ಪ್ರವಾಸಿಯ ನಿಜವಾದ ಯಜಮಾನ ನೀರು. ಕಲ್ಲೋಳ–ಯಡೂರ, ಮಲಿಕವಾಡ–ದತ್ತವಾಡ, ಕಾರದಗಾ–ಭೋಜ, ಜತ್ರಾಟ–ಭೀವಶಿ, ಸಿದ್ನಾಳ–ಅಕ್ಕೋಳ. ಮಳೆಗಾಲದ ಪತ್ರಿಕೆಗಳಲ್ಲಿ ಈ ಜೋಡಿ ಹೆಸರುಗಳು ಪ್ರತಿ ವರ್ಷ ಬರುತ್ತವೆ. ಇವೆಲ್ಲ ಕೆಳಮಟ್ಟದ ಸೇತುವೆ ಅಥವಾ ಬ್ಯಾರೇಜುಗಳು. ಪಶ್ಚಿಮ ಘಟ್ಟದಲ್ಲಿ ಜೋರು ಮಳೆಯಾಗಿ ರಾಜಾಪುರ ಬ್ಯಾರೇಜಿನಿಂದ ನೀರು ಹರಿದು ಬಂದರೆ, ಇಲ್ಲಿ ಬಿಸಿಲಿದ್ದರೂ ಸೇತುವೆ ಮುಳುಗುತ್ತದೆ. ಬೆಳಿಗ್ಗೆ ದಾಟಿದ ಹಾದಿ ಸಂಜೆ ಇರುತ್ತದೆಂಬ ಭರವಸೆ ಜುಲೈ, ಆಗಸ್ಟಿನಲ್ಲಿ ಇಲ್ಲ. 2019ರ ಆಗಸ್ಟಿನ ಮಹಾಪೂರದಲ್ಲಂತೂ ಹೊಳೆಸಾಲಿನ ಊರುಗಳೇ ನೀರಿನಲ್ಲಿದ್ದವು. ಕುಡಚಿ–ಉಗಾರ ನಡುವಿನ ಸೇತುವೆ ಮುಳುಗಿದರೆ ರಾಯಬಾಗ ಕಡೆಯವರಿಗೂ ಅಥಣಿ ಕಡೆಯವರಿಗೂ ದೊಡ್ಡ ಸುತ್ತು. ನವೆಂಬರಿನಿಂದ ಮಾರ್ಚ್‌ವರೆಗೆ ನೀರಿನ ಭಯವಿಲ್ಲ, ಆಗ ಬೇರೆ ಭಯ: ಕಬ್ಬು ನುರಿಸುವ ಹಂಗಾಮು. ಜೋಡಿ ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳು ರಾತ್ರಿ ಹಿಂದೀಪವಿಲ್ಲದೆ ಹೊರಟಿರುತ್ತವೆ. ಬಾಡಿಗೆ ಬೈಕಿನಲ್ಲಿ ಒಬ್ಬರೇ ಬಂದವರು ಹೊತ್ತು ಮುಳುಗುವ ಮೊದಲು ಪೇಟೆ ಸೇರಿಕೊಳ್ಳುವುದು ಲೇಸು.

ರಾಯಬಾಗದ ಬಗ್ಗೆ ಒಂದೆರಡು ಮಾತು ಸಾಕು. ಚಿಕ್ಕೋಡಿ, ಅಥಣಿ ಬ್ರಿಟಿಷರ ಬೆಳಗಾವಿ ಜಿಲ್ಲೆಯಲ್ಲಿದ್ದಾಗ ಇದು ಕೊಲ್ಹಾಪುರ ಸಂಸ್ಥಾನದ ಭಾಗ. ತಾಲ್ಲೂಕಿನ ಚಿಂಚಲಿಯ ಮಾಯಕ್ಕದೇವಿಯ ಜಾತ್ರೆ ಮಾಘದ ಭಾರತ ಹುಣ್ಣಿಮೆಗೆ. ಮಹಾರಾಷ್ಟ್ರದಿಂದ ಈಗಲೂ ಎತ್ತಿನ ಗಾಡಿ ಕಟ್ಟಿಕೊಂಡು ಬರುತ್ತಾರೆ. ಆ ದಿನಗಳಲ್ಲಿ ವಸತಿ ಸಿಗುತ್ತದೆಂದು ನೆಚ್ಚಬಾರದು, ಭಂಡಾರ ಹತ್ತಬಾರದ ಬಟ್ಟೆ ಉಟ್ಟಿರಲೂಬಾರದು.

ಅಥಣಿಗೆ ಬೇರೆಯೇ ದಿನ ಇಡಬೇಕು. ಮುರುಘೇಂದ್ರ ಶಿವಯೋಗಿಗಳ (1836–1921) ಗಚ್ಚಿನಮಠಕ್ಕೆ ಹೋಗಿ ಬಂದ ಮೇಲೆ ಚಪ್ಪಲಿ ಹೊಲೆಯುವವರ ಓಣಿ ವಿಚಾರಿಸಿಕೊಂಡು ಹೋಗಬೇಕು. ಜಗತ್ತು ಕೊಲ್ಹಾಪುರಿ ಎಂದು ಕರೆಯುವ ಚಪ್ಪಲಿಯ ಒಂದು ದೊಡ್ಡ ಪಾಲು ತಯಾರಾಗುವುದು ಇಲ್ಲಿ, ಮದಭಾವಿಯಂಥ ಹಳ್ಳಿಗಳಲ್ಲಿ ಮತ್ತು ನಿಪ್ಪಾಣಿಯಲ್ಲಿ. 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಾಗ ಅದು ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರಗಳಿಗೂ ಸಿಕ್ಕಿತು. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಸಂಸ್ಥೆ ಮಿಲಾನಿನ ಪ್ರದರ್ಶನದಲ್ಲಿ ಇದೇ ಮಾದರಿಯ ಚಪ್ಪಲಿಯನ್ನು ಮೂಲ ಹೇಳದೆ ತೋರಿಸಿ ಟೀಕೆಗೆ ಗುರಿಯಾಯಿತು; ಆಮೇಲೆ ಭಾರತೀಯ ಕುಶಲಕರ್ಮಿಗಳಿಂದ ಪ್ರೇರಣೆ ಪಡೆದದ್ದನ್ನು ಒಪ್ಪಿಕೊಂಡಿತು. ಆ ವಾದ ಕೊಲ್ಹಾಪುರದ ಹೆಸರಿನಲ್ಲಿ ನಡೆಯಿತು. ಅಥಣಿಯ ಹೆಸರು ಎಲ್ಲೋ ಕೊನೆಯ ಸಾಲಿನಲ್ಲಿ.

ಕೆಲಸ ನಡೆಯುವುದು ಮನೆಯ ಪಡಸಾಲೆಯಲ್ಲೇ. ಜಾಲಿಯ ತೊಗಟೆ, ಅಳಲೆಕಾಯಿಯಿಂದ ಹದ ಮಾಡಿದ ತೊಗಲನ್ನು ಗಂಡಸರು ಅಟ್ಟೆಗೆ ಕತ್ತರಿಸುತ್ತಾರೆ. ಸಣ್ಣ ಹೆಣಿಗೆ, ಹೊಲಿಗೆ ಹೆಚ್ಚಾಗಿ ಹೆಂಗಸರ ಕೈಯದು. ಹಳೆಯ ಪದ್ಧತಿಯ ಜೋಡಿಗೆ ಮೊಳೆ ಬಡಿಯುವುದಿಲ್ಲ, ತೊಗಲಿನ ದಾರದಿಂದಲೇ ಹೊಲೆಯುತ್ತಾರೆ. ಫೋಟೊ ತೆಗೆಯುವ ಮುಂಚೆ ಕೇಳಬೇಕು, ಕೂತು ಚಹಾ ಕುಡಿಯಲು ಕರೆದರೆ ಕೂರಬೇಕು. ಬೆಲೆಯ ಚೌಕಾಸಿಯನ್ನು ದೊಡ್ಡ ಊರಿನ ಮಳಿಗೆಗಳಿಗೆ ಉಳಿಸಿಕೊಳ್ಳಿ. ಕೈಯಿಂದ ಹೊಲೆದವರ ಮುಂದೆ ನೂರು ರೂಪಾಯಿಗೆ ಜಗ್ಗಾಡುವುದು ನನಗಂತೂ ಸರಿ ಕಾಣುವುದಿಲ್ಲ. ಹೊಸ ಜೋಡಿ ಕೆಲವು ದಿನ ಕಚ್ಚುತ್ತದೆ, ಎಣ್ಣೆ ಹಚ್ಚಿ ಮನೆಯಲ್ಲಿ ಮೆಟ್ಟಿ ಪಳಗಿಸಬೇಕು. ಅದನ್ನೇ ಮೆಟ್ಟಿಕೊಂಡು ಅವತ್ತೇ ಊರು ತಿರುಗುವ ಹುರುಪು ಬೇಡ. ನೀರು ತಾಗಿಸಲೂಬಾರದು.

ಊಟದ ಚಿಂತೆ ಇಲ್ಲಿಲ್ಲ. ಖಾನಾವಳಿಯಲ್ಲಿ ಒಬ್ಬರೇ ಕೂತರೆ ಅಕ್ಕಾವರು ಇನ್ನೊಂದು ರೊಟ್ಟಿ ಹಾಕದೆ ಏಳಗೊಡುವುದಿಲ್ಲ. ಝುಣಕ, ಎಣ್ಣೆಗಾಯಿ, ಶೇಂಗಾ ಚಟ್ನಿ, ಮೊಸರು ಎಲ್ಲವೂ ಸರಿ. ಕೆಂಪು ಖಾರದ ಬಗ್ಗೆ ಮಾತ್ರ ದಕ್ಷಿಣದವರು ಮೊದಲೇ ಹೇಳಿಟ್ಟಿರಲಿ.

ಹೋಗುವವರಿಗೆ ಕೊನೆಯದಾಗಿ ಇಷ್ಟು ಹೇಳಬಹುದು. ಒಂದೇ ದಿನ ಇರುವುದಾದರೆ ಚಿಕ್ಕೋಡಿಯಲ್ಲಿ ಹಿಂದಿನ ರಾತ್ರಿ ಉಳಿದು ಸದಲಗಾ, ಯಡೂರ, ಖಿದ್ರಾಪುರ ಮುಗಿಸಿ, ಮಿರಜಕ್ಕೆ ಹೋಗಿ ರೈಲು ಹತ್ತಿ. ಎರಡನೆಯ ದಿನ ಸಿಕ್ಕರೆ ಅದನ್ನು ಪೂರ್ತಿ ಅಥಣಿಗೆ ಕೊಡಿ. ಹೊರಡುವ ಮುನ್ನ ಕಲ್ಲೋಳ–ಯಡೂರ ಸೇತುವೆ ತೆರೆದಿದೆಯೇ ಎಂದು ಚಿಕ್ಕೋಡಿ ಬಸ್‌ ನಿಲ್ದಾಣದ ವಿಚಾರಣೆ ಕಿಟಕಿಯಲ್ಲಿ ಕೇಳಿಕೊಳ್ಳಿ.