ಬೆಳಗ್ಗೆ ಹಿಮ, ಮಧ್ಯಾಹ್ನ ಹೊಳೆ: ಕೊಲರಾಡೊದ ನವೆಂಬರ್‌ಗೊಂದು ಕೈಪಿಡಿ

ಅಮೆರಿಕದ ಕೊಲರಾಡೊದಲ್ಲಿ ನವೆಂಬರ್ ಬಂತೆಂದರೆ ಬೆಟ್ಟದ ಕಡೆ ಹೊರಟ ಕಾರುಗಳಲ್ಲಿ ಸ್ಕೀ ಹಲಗೆಯ ಪಕ್ಕದಲ್ಲೇ ಗಾಳದ ಕೋಲೂ ಇರುವುದುಂಟು. ಎತ್ತರದ ಪಾಸ್‌ಗಳಲ್ಲಿ (ಬೆಟ್ಟ ದಾಟುವ ಕಣಿವೆದಾರಿಗಳಲ್ಲಿ) ಮೊದಲ ಹಿಮ ನಿಂತಿರುತ್ತದೆ, ಕೆಳಗಿನ ಹೊಳೆಗಳು ಇನ್ನೂ ಹೆಪ್ಪುಗಟ್ಟಿರುವುದಿಲ್ಲ. ಡೆನ್ವರ್‌ನಿಂದ ಐ-70 ಹೆದ್ದಾರಿ ಹಿಡಿದರೆ ಬೆಳಗ್ಗೆ ಲವ್‌ಲ್ಯಾಂಡ್ ಪಾಸ್ ಸುತ್ತ ಬ್ಯಾಕ್‌ಕಂಟ್ರಿ (ರೆಸಾರ್ಟ್‌ನಾಚೆಯ ಬೆಟ್ಟದ) ಸ್ಕೀಯಿಂಗ್ ಮುಗಿಸಿ, ಗುಡ್ಡ ಇಳಿದು ಸುಮಾರು 30 ಕಿ.ಮೀ. ದೂರದ ಸಿಲ್ವರ್‌ಥಾರ್ನ್ ಊರಿನ ಬ್ಲೂ ನದಿಯಲ್ಲಿ ಮಧ್ಯಾಹ್ನ ಟ್ರೌಟ್‌ಗೆ ಗಾಳ ಹಾಕಬಹುದು.

ಓದಲೆಂದೋ ಕೆಲಸಕ್ಕೆಂದೋ ಡೆನ್ವರ್, ಬೌಲ್ಡರ್ ಕಡೆ ನೆಲೆಸಿ, ಒಂದೆರಡು ಚಳಿಗಾಲ ರೆಸಾರ್ಟ್‌ನಲ್ಲಿ ಸ್ಕೀ ಕಲಿತು, ಈಗ ಲಿಫ್ಟ್ ಬಿಟ್ಟು ಹೊರಗೆ ಕಾಲಿಡಬೇಕು ಅನ್ನುವವರಿಗಾಗಿ ಈ ಲೇಖನ. ಸ್ಕೀ ಬಾರದವರು ಐದನೇ ಹಂತದಿಂದ ಓದಿದರೂ ಅಡ್ಡಿಯಿಲ್ಲ.

ಸ್ಕೀಗೂ ಗಾಳಕ್ಕೂ ನವೆಂಬರ್‌ನಲ್ಲಿ ನಿಯಮ ಒಂದೇ: ಬುಡ ನೋಡಿ ಹೆಜ್ಜೆ ಇಡಿ. ಹೊಸ ಹಿಮದ ಅಡಿಯಲ್ಲಿ ಅಕ್ಟೋಬರ್‌ನ ಹಳೇ ಪದರ ಇರುತ್ತದೆ, ಹೊಳೆಯ ಜಲ್ಲಿಯ ಅಡಿಯಲ್ಲಿ ಬ್ರೌನ್ ಟ್ರೌಟ್ ಮೊಟ್ಟೆಗಳಿರುತ್ತವೆ. ಮೇಲುನೋಟಕ್ಕೆ ಎರಡೂ ಕಾಣುವುದಿಲ್ಲ. ಮೊದಲನೆಯದನ್ನು ಕೆಣಕಿದರೆ ಹೋಗುವುದು ನಮ್ಮ ಜೀವ, ಎರಡನೆಯದನ್ನು ತುಳಿದರೆ ಹೋಗುವುದು ಮೀನಿನ ಸಂತತಿ.

1. ಮೊದಲು ಕಲಿಕೆ, ಆಮೇಲೆ ಸಲಕರಣೆ

1950ರಿಂದ ಈಚೆಗೆ ಅಮೆರಿಕದಲ್ಲಿ ಹಿಮಕುಸಿತಕ್ಕೆ ಅತಿ ಹೆಚ್ಚು ಜನ ಬಲಿಯಾಗಿರುವ ರಾಜ್ಯ ಕೊಲರಾಡೊ. ಹಾಗಾಗಿ ಬ್ಯಾಕ್‌ಕಂಟ್ರಿಗೆ ಇಳಿಯುವ ಮುನ್ನ ಮೂರು ದಿನದ ಹಿಮಕುಸಿತ ಸುರಕ್ಷತಾ ಕೋರ್ಸ್ (ಲೆವೆಲ್ 1) ಮುಗಿಸಿ. ಅದಕ್ಕೂ ಮೊದಲು 'ನೋ ಬಿಫೋರ್ ಯು ಗೋ' ಎಂಬ ಉಚಿತ ಪರಿಚಯ ಪಾಠ ನೋಡಿಕೊಳ್ಳಿ.

ಪ್ರತಿಯೊಬ್ಬರ ಬಳಿಯೂ ಬೀಕನ್ (ಹೂತವರನ್ನು ಪತ್ತೆಹಚ್ಚುವ ರೇಡಿಯೊ ಸಾಧನ), ಪ್ರೋಬ್ (ಹಿಮಕ್ಕೆ ಚುಚ್ಚಿ ಹುಡುಕುವ ಉದ್ದ ಸಲಾಕೆ), ಸಲಿಕೆ ಮೂರೂ ಇರಬೇಕು. ಗುಂಪಿಗೊಂದು ಇದ್ದರೆ ಸಾಲದು. ಹೂತುಹೋದವರು ಬದುಕುವ ಸಾಧ್ಯತೆ ಮೊದಲ 10–15 ನಿಮಿಷ ಮಾತ್ರ ಚೆನ್ನಾಗಿರುತ್ತದೆ, ಆಮೇಲೆ ದಿಢೀರನೆ ಇಳಿಯುತ್ತದೆ. ಅಷ್ಟರೊಳಗೆ ಹೊರಗಿನಿಂದ ಯಾರೂ ಬಂದು ತಲುಪುವುದಿಲ್ಲ, ಜೊತೆಯಲ್ಲಿದ್ದವರೇ ಅಗೆದು ತೆಗೆಯಬೇಕು. ಬೇಸಿಗೆಯಿಡೀ ಡಬ್ಬಿಯಲ್ಲಿದ್ದ ಬೀಕನ್‌ಗೆ ಹೊಸ ಆಲ್ಕಲೈನ್ ಬ್ಯಾಟರಿ ಹಾಕಿ. ಮೊಬೈಲ್, ಬಿಸಿ ಕೈಗವಸು, ಕ್ಯಾಮೆರಾ ಇತ್ಯಾದಿ ಬೀಕನ್‌ನಿಂದ ಕನಿಷ್ಠ 20 ಸೆಂ.ಮೀ. ದೂರವಿರಲಿ, ಹುಡುಕುವ ಹೊತ್ತಿನಲ್ಲಿ 50 ಸೆಂ.ಮೀ.

ಲವ್‌ಲ್ಯಾಂಡ್ ಪಾಸ್‌ನ ಎತ್ತರ 3,655 ಮೀಟರ್, ಅಂದರೆ ನಮ್ಮ ಮುಳ್ಳಯ್ಯನಗಿರಿಯ ಹತ್ತಿರಹತ್ತಿರ ಎರಡರಷ್ಟು. ಬೆಂಗಳೂರಿನಿಂದ ಮಕ್ಕಳನ್ನು ನೋಡಲು ಬಂದವರು ವಿಮಾನ ಇಳಿದ ಮರುದಿನವೇ ಅಲ್ಲಿಗೆ ಹೋಗದಿರುವುದು ಒಳ್ಳೆಯದು. ಡೆನ್ವರ್ ಕೂಡ 1,600 ಮೀಟರ್ ಎತ್ತರದಲ್ಲಿದೆ. ಒಂದೆರಡು ದಿನ ಅಲ್ಲಿ ಸುಧಾರಿಸಿಕೊಂಡು, ನೀರು ಚೆನ್ನಾಗಿ ಕುಡಿದು ಹೊರಡಿ.

2. ಹಿಂದಿನ ಸಂಜೆಯ ಅರ್ಧ ಗಂಟೆ

ಕೊಲರಾಡೊ ಹಿಮಕುಸಿತ ಮಾಹಿತಿ ಕೇಂದ್ರ ಚಳಿಗಾಲದಲ್ಲಿ ದಿನವೂ ಸಂಜೆ ಮರುದಿನದ ಮುನ್ಸೂಚನೆ ಕೊಡುತ್ತದೆ. ಅಪಾಯದ ಮಟ್ಟ 1ರಿಂದ 5. ಮೂರು ಅಂದರೆ ನಡುವಿನದ್ದು, ಪರವಾಗಿಲ್ಲ ಎಂದು ಓದಿಕೊಳ್ಳುವುದು ಸಾಮಾನ್ಯ. ಮೂರಕ್ಕೇ ಮನುಷ್ಯರ ಭಾರದಿಂದ ಹಿಮ ಕುಸಿಯುವ ಸಾಧ್ಯತೆ ಸಾಕಷ್ಟಿರುತ್ತದೆ. ಬರೀ ಅಂಕಿ ನೋಡಿ ಬಿಡಬೇಡಿ. ಯಾವ ದಿಕ್ಕಿನ, ಯಾವ ಎತ್ತರದ ಇಳಿಜಾರಿನಲ್ಲಿ ತೊಂದರೆ ಇದೆ ಎಂಬ ವಿವರ ಓದಿ.

ಮರುದಿನದ ದಾರಿಯನ್ನು ಇಳಿಜಾರಿನ ಕೋನಕ್ಕೆ ಬಣ್ಣ ಹಚ್ಚುವ ನಕ್ಷೆಯಲ್ಲಿ (ಕ್ಯಾಲ್‌ಟೋಪೊದಂಥದ್ದು) ಗುರುತು ಮಾಡಿ. ಸೆಪ್ಟೆಂಬರ್ 1ರಿಂದ ಮೇ 31ರವರೆಗೆ ಐ-70ರ ಬೆಟ್ಟದ ಭಾಗದಲ್ಲಿ ಕಾರಿನ ಟೈರ್ ಕುರಿತ ಕಾನೂನು ಜಾರಿಯಲ್ಲಿರುತ್ತದೆ: ನಾಲ್ಕು ಚಕ್ರಕ್ಕೂ ಚಾಲನೆ ಇರುವ ಗಾಡಿ, ಹಿಮಕ್ಕೊಗ್ಗುವ ಟೈರ್ ಅಥವಾ ಚೈನ್ ಬೇಕು. ಸವೆದ ಟೈರ್ ಯಾವ ಗಾಡಿಗೂ ನಡೆಯದು. ಬಿರುಗಾಳಿ ಇದ್ದರೆ ಲವ್‌ಲ್ಯಾಂಡ್ ಪಾಸ್ ರಸ್ತೆಯನ್ನೇ ಮುಚ್ಚುತ್ತಾರೆ, ಹೊರಡುವ ಮುನ್ನ ಅದನ್ನೂ ನೋಡಿಕೊಳ್ಳಿ.

3. ಇಳಿಜಾರಿನ ಆಯ್ಕೆ: ಇಲ್ಲೇ ಇದೆ ಸಂಕಟ

ಅಕ್ಟೋಬರ್‌ನಲ್ಲಿ ಬಿದ್ದ ಹಿಮ ದಕ್ಷಿಣದ ಬಿಸಿಲಿಳಿಜಾರಿನಲ್ಲಿ ಕರಗಿಹೋಗುತ್ತದೆ. ಉತ್ತರದ ನೆರಳಿಳಿಜಾರಿನಲ್ಲಿ ಉಳಿಯುತ್ತದೆ. ಉಳಿದದ್ದು ಹಾಗೇ ಇರುವುದಿಲ್ಲ. ಒಂದಡಿ ದಪ್ಪದ ಹಿಮ ಎಂದಿಟ್ಟುಕೊಳ್ಳಿ. ನೆಲದ ಹತ್ತಿರ ಉಷ್ಣಾಂಶ ಸೊನ್ನೆಯ ಆಸುಪಾಸು, ಶುಭ್ರ ರಾತ್ರಿಯಲ್ಲಿ ಮೇಲ್ಮೈ ಮೈನಸ್ 15 ಡಿಗ್ರಿ. ಮೀಟರ್ ಲೆಕ್ಕಕ್ಕೆ ತಂದರೆ 50 ಡಿಗ್ರಿ ವ್ಯತ್ಯಾಸ. ಮೀಟರ್‌ಗೆ 10 ಡಿಗ್ರಿ ದಾಟಿದರೇ ಸಾಕು, ಕೆಳಗಿನ ಹಿಮದಿಂದ ಎದ್ದ ಆವಿ ಮೇಲೇರುತ್ತಾ ಕಣಗಳ ರೂಪವನ್ನೇ ಬದಲಿಸುತ್ತದೆ. ಒಂದಕ್ಕೊಂದು ಬೆಸೆದಿದ್ದ ಹಿಮ ಬಿಡಿಬಿಡಿಯಾದ, ಕೋನಕೋನದ ಹರಳಾಗುತ್ತದೆ.

ಸ್ಕೀ ಕೋಲನ್ನು ತಿರುಗಿಸಿ ಹಿಡಿಯ ಕಡೆಯಿಂದ ಹಿಮಕ್ಕೆ ಚುಚ್ಚಿದರೆ ಗೊತ್ತಾಗುತ್ತದೆ. ಮೊದಲು ಕೈಗೆ ಬಿಗಿ ಹತ್ತುತ್ತದೆ, ಆಮೇಲೆ ತಟ್ಟನೆ ತಡೆಯೇ ಇಲ್ಲದಂತೆ ಕೋಲು ನೆಲ ಮುಟ್ಟುತ್ತದೆ. ಸಲಿಕೆಯಲ್ಲಿ ಅಗೆದು ಬುಡದ ಹಿಮವನ್ನು ಕೈಗವಸಿನಲ್ಲಿ ತೆಗೆದುಕೊಳ್ಳಿ: ತುಪ್ಪ ಹಾಲು ಕಾಣದ ದಪ್ಪ ರವೆಯಂತೆ ಬೆರಳ ಸಂದಿಯಲ್ಲಿ ಸೋರುತ್ತದೆ, ಜಪ್ಪಯ್ಯ ಅಂದರೂ ಉಂಡೆ ಕಟ್ಟುವುದಿಲ್ಲ. ಇದರ ಮೇಲೆ ನವೆಂಬರ್‌ನ ಹೊಸ ಹಿಮ ಗಾಳಿಗೆ ಗಟ್ಟಿಯಾಗಿ ಕೂತರೆ, ಒಬ್ಬರ ಭಾರಕ್ಕೇ ಮೇಲಿನ ಹಿಮದ ಹಾಸು ಪೂರ್ತಿ ಜಾರಬಹುದು.

ಸಂಕಟ ಇರುವುದು ಇಲ್ಲೇ. ಸೀಸನ್ ಮೊದಲಲ್ಲಿ ಸ್ಕೀ ಮಾಡುವಷ್ಟು ಹಿಮ ಇರುವುದು ಎತ್ತರದ ಉತ್ತರ ಇಳಿಜಾರುಗಳಲ್ಲಿ ಮತ್ತು ಗಾಳಿ ಹಿಮ ತಂದು ತುಂಬಿದ ಕೊರಕಲುಗಳಲ್ಲಿ. ದುರ್ಬಲ ಪದರ ಇರುವುದೂ ಅಲ್ಲೇ. ಹಿಮ ಇನ್ನೂ ಕಡಿಮೆ, ಏನಾಗುತ್ತೆ ಎಂಬ ಸಮಾಧಾನ ಬೇಡ. ತೆಳು ಹಿಮದ ಕುಸಿತ ಹೂಳದೇ ಇದ್ದರೂ ಬಂಡೆ, ಮರದ ಬೊಡ್ಡೆಗಳ ಮೇಲೆ ಎಳೆದುಕೊಂಡು ಹೋಗುತ್ತದೆ.

ಈ ದುರ್ಬಲ ಪದರ ವಸಂತದವರೆಗೂ ಕಾಡುತ್ತದೆ. 2013ರ ಏಪ್ರಿಲ್ 20ರಂದು ಲವ್‌ಲ್ಯಾಂಡ್ ಪಾಸ್ ಹತ್ತಿರದ ಶೀಪ್ ಕ್ರೀಕ್‌ನಲ್ಲಿ ಹಿಮ ಕುಸಿದು ಐವರು ಸತ್ತರು, ಸಿಕ್ಕಿಕೊಂಡ ಆರು ಜನರಲ್ಲಿ ಒಬ್ಬರು ಮಾತ್ರ ಉಳಿದರು. ಆ ಆರೂ ಜನ ಕಡಿದಾದ ಇಳಿಜಾರಿನ ಮೇಲಿರಲಿಲ್ಲ, ಅದರ ಕೆಳಗೆ ಹಾದುಹೋಗುತ್ತಿದ್ದರು. ಜಾರಿದ್ದು ನೆಲದ ಹತ್ತಿರದ ಹಳೇ ದುರ್ಬಲ ಪದರ.

ಹಾಗಾದರೆ ಎಲ್ಲಿಗೆ ಹೋಗಬೇಕು?

• ಹಿಮಕುಸಿತದ ಬಹುಪಾಲು 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ ಆಗುತ್ತದೆ. ನವೆಂಬರ್‌ನಲ್ಲಿ 30ಕ್ಕಿಂತ ಕಡಿಮೆ ಇರುವಲ್ಲೇ ಇರಿ. ಅನುಮಾನ ಬಂದರೆ ಕೋಲನ್ನು ಹಿಮದ ಮೇಲೆ ಮಲಗಿಸಿ, ಅದರ ಮೇಲೆ ಮೊಬೈಲ್ ಇಟ್ಟು ಕೋನ ಅಳೆಯಿರಿ.
• ನೀವಿರುವ ಜಾಗ ಸಮತಟ್ಟಾದರೆ ಸಾಲದು, ತಲೆಯ ಮೇಲೆ ಏನಿದೆ ನೋಡಿ. ಕಡಿದಾದ ಇಳಿಜಾರಿನ ಬುಡದಲ್ಲಿ ನಿಂತವರ ಭಾರಕ್ಕೂ ಮೇಲಿನ ಹಿಮ ಕುಸಿಯಬಹುದು.
• ಕಲ್ಲಿಲ್ಲದ ಹುಲ್ಲುಗಾವಲು, ಹಳೇ ಕಾಡುರಸ್ತೆಗಳು ತೆಳು ಹಿಮಕ್ಕೆ ಒಳ್ಳೆಯವು. ಹಲಗೆಯೂ ಉಳಿಯುತ್ತದೆ, ಮೊಣಕಾಲೂ ಉಳಿಯುತ್ತದೆ.
• ವರ್ಷದ ಮೊದಲ ದಿನಕ್ಕೆ, ಹತ್ತಲು ಅನುಮತಿ ಕೊಡುವ ರೆಸಾರ್ಟ್‌ನ ಗುರುತಿಸಿದ ದಾರಿಯೇ ವಾಸಿ. ಈ ಅನುಮತಿ ಕೆಲವೆಡೆ ಉಚಿತ, ಕೆಲವೆಡೆ ಹಣ ಕೊಡಬೇಕು. ಇನ್ನೂ ತೆರೆಯದ ರೆಸಾರ್ಟ್ ಅಂದರೆ ಕಾಡೇ. ಹಿಮವನ್ನು ಸ್ಫೋಟಿಸಿ ಸುರಕ್ಷಿತಗೊಳಿಸುವ ಕೆಲಸ ಅಲ್ಲಿ ಆಗಿರುವುದಿಲ್ಲ. ಜೊತೆಗೆ, ಹಿಮ ಹದ ಮಾಡುವ ಯಂತ್ರಗಳ ಉಕ್ಕಿನ ಹಗ್ಗ ಮುಂಜಾವಿನ ಕತ್ತಲಲ್ಲಿ ಕಣ್ಣಿಗೆ ಬೀಳುವುದಿಲ್ಲ.

4. ಹಿಮದ ಮೇಲೆ

ಕಾರು ಬಿಡುವ ಮುನ್ನ ಎಲ್ಲರ ಬೀಕನ್ ಒಬ್ಬೊಬ್ಬರದಾಗಿ ಪರೀಕ್ಷಿಸಿ. ಹಲಗೆಗೆ ಸ್ಕಿನ್ (ಹಿಂದೆ ಜಾರದಂತೆ ತಡೆಯುವ ಪಟ್ಟಿ) ಅಂಟಿಸಿ ಹತ್ತುವಾಗ ಮೂರು ಲಕ್ಷಣ ಗಮನಿಸಿ: ಪಕ್ಕದ ಇಳಿಜಾರಿನಲ್ಲಿ ಹೊಸ ಕುಸಿತ, ಹಲಗೆಯ ಮುಂದೆ ಓಡುವ ಬಿರುಕು, ಕಾಲಡಿಯಲ್ಲಿ 'ಧುಮ್' ಎಂದು ಹಿಮ ಕುಸಿದು ಕೂರುವ ಸದ್ದು. ಆ ಸದ್ದು ಬುಡದ ರವೆ ಪದರ ಮುರಿದದ್ದು. ಮೂರರಲ್ಲಿ ಒಂದು ಕಂಡರೂ, ಕೇಳಿದರೂ ಚರ್ಚೆ ಬೇಡ, ಬಂದ ದಾರಿಯಲ್ಲೇ ವಾಪಸ್.

ಇಳಿಯುವಾಗ ಒಬ್ಬೊಬ್ಬರೇ ಇಳಿಯಿರಿ, ಉಳಿದವರು ಸುರಕ್ಷಿತ ಜಾಗದಿಂದ ಕಣ್ಣಿಡಲಿ. ಹಿಮದಿಂದ ಕಲ್ಲಿನ ತುದಿ ಇಣುಕುತ್ತಿದ್ದರೆ ಅದರ ಸುತ್ತ ಕಾಣದ ಕಲ್ಲುಗಳು ಇನ್ನಷ್ಟಿವೆ ಎಂದೇ ಲೆಕ್ಕ. ವೇಗ ಬೇಡ, ತಿರುವುಗಳು ದೊಡ್ಡದಾಗಿರಲಿ. ಹತ್ತೂವರೆಗೆ ಕಾರಿನ ಬಳಿ ಇದ್ದರೆ ಹೊಳೆಗೆ ಹೊತ್ತು ಸರಿಯಾಗುತ್ತದೆ.

5. ಹೊಳೆಗೆ ಇಳಿಯುವ ಮುನ್ನ

16 ವರ್ಷ ತುಂಬಿದ ಎಲ್ಲರಿಗೂ ಕೊಲರಾಡೊ ಪಾರ್ಕ್ಸ್ ಅಂಡ್ ವೈಲ್ಡ್‌ಲೈಫ್ ಇಲಾಖೆಯ ಮೀನುಗಾರಿಕೆ ಲೈಸೆನ್ಸ್ ಬೇಕು. ಒಂದು ದಿನದ್ದೂ ಸಿಗುತ್ತದೆ, ಆನ್‌ಲೈನ್‌ನಲ್ಲೇ ಕೊಳ್ಳಬಹುದು. ನದಿಯ ಒಂದೊಂದು ತುಂಡಿಗೂ ಬೇರೆಬೇರೆ ನಿಯಮ ಇರುತ್ತದೆ: ಎಷ್ಟು ಮೀನು ಇಟ್ಟುಕೊಳ್ಳಬಹುದು, ಎರೆಹುಳು ನಡೆಯುತ್ತದೆಯೋ ಕೃತಕ ಫ್ಲೈ (ಹುಳುವಿನಂತೆ ಕಟ್ಟಿದ ಕೊಕ್ಕೆ) ಮಾತ್ರವೋ ಎಂದು ನೋಡಿಕೊಳ್ಳಿ. ಇನ್ನೊಂದು ಮಾತು: ಇಲ್ಲಿ ಹೊಳೆಯ ತಳವೂ ಖಾಸಗಿ ಆಸ್ತಿಯಾಗಿರಬಹುದು. ನೀರಿನಲ್ಲೇ ನಡೆದು ಬಂದೆ ಅಂದರೂ ಅತಿಕ್ರಮಣವೇ. ಬೋರ್ಡ್ ನೋಡಿ ಇಳಿಯಿರಿ.

ನವೆಂಬರ್‌ನಲ್ಲಿ ಅಣೆಕಟ್ಟಿನ ಕೆಳಗಿನ ಹೊಳೆಯನ್ನೇ ಆರಿಸಿಕೊಳ್ಳಿ. ನೀರು ಅತಿ ಸಾಂದ್ರವಾಗಿರುವುದು 4 ಡಿಗ್ರಿಯಲ್ಲಿ, ಆ ನೀರು ಜಲಾಶಯದ ತಳಕ್ಕಿಳಿಯುತ್ತದೆ. ತಳದ ತೂಬಿನಿಂದ ಬಿಟ್ಟಾಗ ಅಣೆಕಟ್ಟಿನ ಕೆಳಗೆ ಬಹುದೂರ ಹೊಳೆ ಹೆಪ್ಪುಗಟ್ಟದೆ ಹರಿಯುತ್ತದೆ, ಮೀನೂ ಉಣ್ಣುತ್ತಿರುತ್ತದೆ. ಡಿಲ್ಲನ್ ಅಣೆಕಟ್ಟಿನ ಕೆಳಗಿನ ಬ್ಲೂ ನದಿ ಸಿಲ್ವರ್‌ಥಾರ್ನ್‌ನ ಅಂಗಡಿಸಾಲಿನ ಹಿತ್ತಲಲ್ಲೇ ಹರಿಯುತ್ತದೆ. ಡೆನ್ವರ್‌ಗೆ ಇನ್ನೂ ಸಮೀಪ ಬೇಕಾದರೆ ಸೌತ್ ಪ್ಲಾಟ್ ನದಿಯ ಡೆಕ್ಕರ್ಸ್ ಇದೆ. ನವೆಂಬರ್ ಬೇಟೆಯ ಕಾಲವೂ ಹೌದು, ಊರಾಚೆಯ ಕಾಡಿನಲ್ಲಿ ನಡೆಯುವುದಿದ್ದರೆ ಕಿತ್ತಳೆ ಬಣ್ಣದ ಟೋಪಿ ಹಾಕಿಕೊಳ್ಳಿ.

6. ಎಲ್ಲಿ ಕಾಲಿಡಬಾರದು, ಎಲ್ಲಿ ಗಾಳ ಹಾಕಬೇಕು

ಬ್ರೌನ್ ಟ್ರೌಟ್ ಇಲ್ಲಿಯ ಮೂಲದ್ದಲ್ಲ. ಅದರ ಮೊಟ್ಟೆ ಜರ್ಮನಿಯಿಂದ ಅಮೆರಿಕಕ್ಕೆ ಬಂದದ್ದು 1883ರಲ್ಲಿ. ರೇನ್‌ಬೋ ಮತ್ತು ಇಲ್ಲಿಯದೇ ಆದ ಕಟ್‌ಥ್ರೋಟ್ ಟ್ರೌಟ್‌ಗಳು ವಸಂತದಲ್ಲಿ ಮೊಟ್ಟೆ ಇಟ್ಟರೆ, ಬ್ರೌನ್ ಇಡುವುದು ಅಕ್ಟೋಬರ್–ನವೆಂಬರ್‌ನಲ್ಲಿ.

ಅದರ ಗೂಡು ಗುರುತಿಸುವುದು ಸುಲಭ. ಹೊಳೆಯ ತಳದ ಕಲ್ಲೆಲ್ಲ ಪಾಚಿ ಹಿಡಿದು ಕಂದಾಗಿರುವಾಗ, ಮಡು ಮುಗಿದು ನೀರು ತೆಳುವಾಗುವ ಕಡೆ ಎರಡು-ಮೂರಡಿ ಉದ್ದದ ಅಂಡಾಕಾರದ ಜಾಗ ಮಾತ್ರ ತೊಳೆದಿಟ್ಟಂತೆ ಬೆಳ್ಳಗೆ ಕಾಣುತ್ತದೆ. ಹೆಣ್ಣು ಮೀನು ಮಗ್ಗುಲಾಗಿ ಬಾಲ ಬಡಿದು ಜಲ್ಲಿ ತೆರವು ಮಾಡಿದ ಜಾಗ ಅದು. ಹೊಳೆಯ ಮೇಲ್ಭಾಗಕ್ಕೆ ಸಣ್ಣ ಕುಳಿ, ಕೆಳಭಾಗಕ್ಕೆ ದಿಬ್ಬ. ಮೊಟ್ಟೆ ಇರುವುದು ದಿಬ್ಬದ ಒಳಗೆ, ಆದ್ದರಿಂದ ದಿಬ್ಬದ ಮೇಲೂ ಅದರ ಕೆಳಗೂ ಕಾಲಿಡಬೇಡಿ. ಈ ತಣ್ಣೀರಿನಲ್ಲಿ ಮರಿಯಾಗಲು ಸುಮಾರು ಮೂರು ತಿಂಗಳು ಬೇಕು; ಆಮೇಲೂ ಮರಿ ಕೆಲವು ವಾರ ಜಲ್ಲಿಯೊಳಗೇ ಇರುತ್ತದೆ. ಗೂಡಿನ ಮೇಲೆ ನಿಂತ ಜೋಡಿಗೆ ಗಾಳ ಎಸೆಯುವುದು ಕೂಡ ಒಳ್ಳೆಯ ಗಾಳಗಾರರ ಲಕ್ಷಣವಲ್ಲ.

ಗಾಳ ಹಾಕಬೇಕಾದದ್ದು ಆಳದ, ನಿಧಾನದ ಮಡುಗಳಿಗೆ.

• ಹೊತ್ತು: ಬೆಳಗ್ಗೆ 11ರಿಂದ ಮಧ್ಯಾಹ್ನ 3. ನೀರಿಗೆ ಬಿಸಿಲು ಬಿದ್ದ ಮೇಲೆಯೇ ಮೀನು ಚುರುಕಾಗುವುದು.
• ಕೋಲು: ಒಂಬತ್ತಡಿಯದು, 4 ಅಥವಾ 5 ತೂಕದ್ದು. ತುದಿಗೆ 5ಎಕ್ಸ್ ಅಥವಾ 6ಎಕ್ಸ್ ತೆಳು ದಾರ.
• ಫ್ಲೈ: 20–22 ಸೈಜಿನ ಮಿಡ್ಜ್, ಮೋಡದ ದಿನವಾದರೆ ಬ್ಲೂ-ವಿಂಗ್ಡ್ ಆಲಿವ್. ಡಿಲ್ಲನ್ ಜಲಾಶಯದಿಂದ ಮೈಸಿಸ್ ಸಿಗಡಿ ತೇಲಿ ಬರುವುದರಿಂದ ಬ್ಲೂ ನದಿಯಲ್ಲಿ ಅದರ ಬಿಳಿ ನಕಲೂ ಕೆಲಸ ಮಾಡುತ್ತದೆ.
• ಎಸೆತ: ನೀರಿನ ವೇಗಕ್ಕೇ ಫ್ಲೈ ತೇಲಿಬಿಡಿ, ಎಳೆಯಬೇಡಿ. ದಾರಕ್ಕೆ ಕಟ್ಟಿದ ಸೂಚಕ ಚೂರು ನಿಂತಂತೆ ಕಂಡರೂ ಕೋಲು ಎತ್ತಿ.

ಮೊಣಕಾಲು ದಾಟಿ ಇಳಿಯುವ ಅಗತ್ಯವಿಲ್ಲ. ವೇಡರ್‌ನ (ನೀರಿಗಿಳಿಯುವ ಜಲನಿರೋಧಕ ಉಡುಪಿನ) ಸೊಂಟಪಟ್ಟಿ ಬಿಗಿಯಾಗಿರಲಿ, ದಡದ ಮಂಜುಗಡ್ಡೆಯ ಅಂಚನ್ನು ನಂಬಬೇಡಿ. ಕೋಲಿನ ಬಳೆಗಳಲ್ಲಿ ಮಂಜು ಕಟ್ಟಿದರೆ ಕೋಲಿನ ತುದಿಯನ್ನು ನೀರಿನಲ್ಲಿ ಅದ್ದಿ ಕರಗಿಸಿ. ಸಿಕ್ಕ ಮೀನನ್ನು ಬಿಡುವುದಾದರೆ ಕೈ ಒದ್ದೆ ಮಾಡಿಕೊಂಡು, ನೀರಿನಿಂದ ಎತ್ತದೆಯೇ ಕೊಕ್ಕೆ ಬಿಡಿಸಿ. ಮೈನಸ್ ಚಳಿಗೆ ಕಿವಿರು ಬೇಗ ಹಾಳಾಗುತ್ತದೆ. ತಿಂಗಳ ನಡುವಿಗೆ ಸೂರ್ಯ ಐದಕ್ಕೆ ಮೊದಲೇ ಮುಳುಗುತ್ತಾನೆ, ಒದ್ದೆ ರಸ್ತೆ ಗಾಜಾಗುವ ಮುನ್ನ ಹೊರಡಿ.

ಭಾರತದಲ್ಲಾದರೆ?

ನವೆಂಬರ್‌ನಲ್ಲಿ ಹಿಮಾಲಯದಲ್ಲಿ ಸ್ಕೀ, ಗಾಳ ಎರಡನ್ನೂ ಒಟ್ಟಿಗೆ ಮಾಡಲಾಗದು. ತೀರ್ಥನ್‌ನಂಥ ಹಿಮಾಚಲದ ಟ್ರೌಟ್ ಹೊಳೆಗಳಲ್ಲಿ ನವೆಂಬರ್ 1ರಿಂದ ಫೆಬ್ರುವರಿ ಕೊನೆಯವರೆಗೆ ಮೀನು ಹಿಡಿಯುವುದೇ ನಿಷಿದ್ಧ. ಕಾರಣ ಅಲ್ಲೂ ಮೊಟ್ಟೆಯ ಕಾಲ. ಶರತ್ಕಾಲದ ಗಾಳಕ್ಕೆ ಅಕ್ಟೋಬರ್‌ನಲ್ಲೇ, ಮೀನುಗಾರಿಕೆ ಇಲಾಖೆಯ ಲೈಸೆನ್ಸ್ ಪಡೆದು ಹೋಗಬೇಕು. ಗುಲ್‌ಮಾರ್ಗ್‌ನ ಸ್ಕೀಗೆ ಸಾಮಾನ್ಯವಾಗಿ ಡಿಸೆಂಬರ್ ಕೊನೆಯವರೆಗೆ ಕಾಯಬೇಕು.

7. ಬಿಟ್ಟುಬಿಡುವ ಲೆಕ್ಕಾಚಾರ

ಬ್ಯಾಕ್‌ಕಂಟ್ರಿಯಲ್ಲಿ ವಾಪಸ್ ತಿರುಗುವುದು ಕಷ್ಟ. ರಜೆ ಹಾಕಿ, ನಾಲ್ಕು ಗಂಟೆಗೆ ಎದ್ದು, ಅಷ್ಟು ದೂರ ಗಾಡಿ ಓಡಿಸಿ ಬಂದವರು ಒಂದು ಬಿರುಕು ಕಂಡರೂ 'ಇನ್ನೊಂದಿಷ್ಟು ಹೋಗೋಣ' ಅನ್ನುತ್ತಾರೆ. ಕಾರಿನಲ್ಲಿ ಗಾಳದ ಕೋಲು ಇರುವುದರ ದೊಡ್ಡ ಲಾಭ ಇದೇ: ಸ್ಕೀ ಕೈಬಿಟ್ಟರೆ ದಿನ ಹಾಳಾಗುವುದಿಲ್ಲ, ಹೊಳೆಗೆ ಎರಡು ಗಂಟೆ ಮೊದಲೇ ತಲುಪುತ್ತೀರಿ. ಹಾಗಾಗಿ ಹಿಂದಿನ ಸಂಜೆಯೇ ತೀರ್ಮಾನ ಮಾಡಿಟ್ಟುಕೊಳ್ಳಿ. ಮುನ್ಸೂಚನೆ 1 ಅಥವಾ 2 ಇದ್ದರೆ ಕಡಿಮೆ ಕೋನದ ಇಳಿಜಾರು, ಆಮೇಲೆ ಹೊಳೆ. 3 ಅಥವಾ ಮೇಲಿದ್ದರೆ ಹಲಗೆ ಮನೆಯಲ್ಲೇ ಇರಲಿ, ಇಡೀ ದಿನ ಹೊಳೆ. ಬಿರುಗಾಳಿಯೂ ಇದ್ದರೆ ಎರಡೂ ಬೇಡ. ಬೀಕನ್ ತೆಗೆದು ಹತ್ತಿರದ ಪಾರ್ಕ್‌ನಲ್ಲಿ ಹುಡುಕಾಟದ ಅಭ್ಯಾಸ ಮಾಡಿ. ಜನವರಿಗೆ ಅದು ಬೇಕಾಗುತ್ತದೆ.