ಹಳೆಯ ಹಾರ್ಡ್ ಡಿಸ್ಕ್ ಕೈಬದಲಾಗುವ ಮುನ್ನ

ತಾಲ್ಲೂಕು ಕಚೇರಿಯ ಎದುರಿನ ಡಿಟಿಪಿ ಅಂಗಡಿಯ ಕಂಪ್ಯೂಟರನ್ನು ಒಮ್ಮೆ ಇಣುಕಿ ನೋಡಬೇಕು. ತೆರೆಯ ತುಂಬ ಗಿರಾಕಿಗಳ ಹೆಸರಿನ ಫೋಲ್ಡರ್‌ಗಳು. ಒಳಗೆ ಸ್ಕ್ಯಾನ್ ಮಾಡಿದ ಆಧಾರ್, ಪ್ಯಾನ್, ಪಹಣಿ, ಜಾತಿ ಪ್ರಮಾಣಪತ್ರ, ಪಾಸ್‌ಬುಕ್ಕಿನ ಮೊದಲ ಪುಟ. ಕೆಲವು ವರ್ಷಕ್ಕೆ ಆ ಯಂತ್ರ ನಿಧಾನವಾಗುತ್ತದೆ, ಹೊಸದು ಬರುತ್ತದೆ. ಹಳೆಯದು ಗುಜರಿಗೋ, ಪರಿಚಯದ ಹುಡುಗನಿಗೋ, ಬೆಂಗಳೂರಿನ ಎಸ್.ಪಿ. ರಸ್ತೆಯ ಸೆಕೆಂಡ್ ಹ್ಯಾಂಡ್ ಅಂಗಡಿಗೋ ಹೋಗುತ್ತದೆ. ಕೊಡುವ ಮುಂಚೆ ಫೋಲ್ಡರ್‌ಗಳನ್ನು ಡಿಲೀಟ್ ಮಾಡಿ ರೀಸೈಕಲ್ ಬಿನ್ ಖಾಲಿ ಮಾಡಿದರೆ ಎಲ್ಲ ಮುಗಿಯಿತು ಎಂದೇ ಹೆಚ್ಚಿನವರ ನಂಬಿಕೆ.

ಮುಗಿದಿರುವುದಿಲ್ಲ.

ಡಿಲೀಟ್ ಮಾಡಿದಾಗ ಪುಸ್ತಕದ ಪರಿವಿಡಿ ಹರಿದಂತೆ ಕಡತದ ವಿಳಾಸ ಮಾತ್ರ ಹೋಗುತ್ತದೆ. ಆ ಜಾಗದ ಮೇಲೆ ಬೇರೇನಾದರೂ ಬರೆಯುವ ತನಕ ಹಾರ್ಡ್ ಡಿಸ್ಕ್‌ನಲ್ಲಿ ಕಡತ ಇದ್ದಲ್ಲೇ ಇರುತ್ತದೆ. ಕ್ವಿಕ್ ಫಾರ್ಮ್ಯಾಟ್ ಮಾಡಿದರೂ ಅಷ್ಟೇ. ಅಮೆರಿಕದ ಎಂಐಟಿಯ ಸಿಮ್ಸನ್ ಗಾರ್ಫಿಂಕೆಲ್ ಮತ್ತು ಅಭಿ ಶೆಲತ್ 158 ಹಳೆಯ ಡಿಸ್ಕ್‌ಗಳನ್ನು ಕೊಂಡು ಪರೀಕ್ಷಿಸಿ, 2003ರಲ್ಲಿ ಫಲಿತಾಂಶ ಪ್ರಕಟಿಸಿದರು. ಕೆಲಸ ಮಾಡುತ್ತಿದ್ದ 129ರಲ್ಲಿ ಸರಿಯಾಗಿ ಅಳಿಸಿದ್ದವು ಬರೀ 12. ಒಂದು ಡಿಸ್ಕ್ ಎಟಿಎಂ ಯಂತ್ರದಿಂದ ಬಂದದ್ದಾಗಿತ್ತು. ಮಾರ್ಗನ್ ಸ್ಟಾನ್ಲಿ ಎಂಬ ದೊಡ್ಡ ಹಣಕಾಸು ಸಂಸ್ಥೆ ತನ್ನ ಹಳೆಯ ಡಿಸ್ಕ್‌ಗಳ ವಿಲೇವಾರಿಯನ್ನು ಸಾಮಾನು ಸಾಗಿಸುವ ಕಂಪನಿಯೊಂದಕ್ಕೆ ಒಪ್ಪಿಸಿತ್ತು. ಡೇಟಾ ನಾಶಪಡಿಸುವ ಕೆಲಸದಲ್ಲಿ ಆ ಕಂಪನಿಗೆ ಅನುಭವವೇ ಇರಲಿಲ್ಲ. ಗ್ರಾಹಕರ ಮಾಹಿತಿಯಿದ್ದ ಕೆಲವು ಯಂತ್ರಗಳು ಆನ್‌ಲೈನ್ ಹರಾಜಿನಲ್ಲಿ ಮಾರಾಟವಾದವು. 2022ರಲ್ಲಿ ಅಮೆರಿಕದ ಷೇರುಪೇಟೆ ನಿಯಂತ್ರಕರು ವಿಧಿಸಿದ ದಂಡ 3.5 ಕೋಟಿ ಡಾಲರ್.

ನಮ್ಮ ಕಾನೂನು ಏನು ಹೇಳುತ್ತದೆ? ಕರ್ನಾಟಕ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಹೂಡಿದ್ದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2017ರ ಆಗಸ್ಟ್ 24ರಂದು ಖಾಸಗಿತನ ಮೂಲಭೂತ ಹಕ್ಕು ಎಂದು ಸಾರಿತು. ಆದರೆ ಡಿಸ್ಕ್ ಅಳಿಸುವ ಹೊಣೆ ಯಾರದು ಎಂಬುದು ಅದರಲ್ಲಿ ಯಾರ ಮಾಹಿತಿ ಇದೆ ಎಂಬುದರ ಮೇಲೆ ನಿಂತಿದೆ. ಮನೆಯ ಲ್ಯಾಪ್‌ಟಾಪಿನಲ್ಲಿರುವ ಸ್ವಂತ ಫೋಟೊ, ಪತ್ರಗಳನ್ನು ಅಳಿಸಿಯೇ ಮಾರಬೇಕೆಂದು ಕಾನೂನು ಒತ್ತಾಯಿಸುವುದಿಲ್ಲ. ಅಂಗಡಿ, ಕ್ಲಿನಿಕ್, ಲೆಕ್ಕಪರಿಶೋಧಕರ ಕಚೇರಿಯ ಮಾತು ಬೇರೆ.

ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ ಕಲಂ 43ಎ ಪ್ರಕಾರ ಬ್ಯಾಂಕ್ ಖಾತೆಯ ವಿವರ, ಪಾಸ್‌ವರ್ಡ್, ವೈದ್ಯಕೀಯ ದಾಖಲೆಯಂಥ ಸೂಕ್ಷ್ಮ ಮಾಹಿತಿ ನಿರ್ಲಕ್ಷ್ಯದಿಂದ ಹೊರಬಿದ್ದು ಯಾರಿಗಾದರೂ ನಷ್ಟವಾದರೆ, ಅದನ್ನು ಇಟ್ಟುಕೊಂಡಿದ್ದ ಸಂಸ್ಥೆ ಪರಿಹಾರ ಕೊಡಬೇಕು. ಒಬ್ಬನೇ ಮಾಲೀಕನ ಪುಟ್ಟ ಅಂಗಡಿಯೂ ಇಲ್ಲಿ ‘ಸಂಸ್ಥೆ’ಯೇ. 5 ಕೋಟಿ ರೂಪಾಯಿವರೆಗಿನ ಪರಿಹಾರಕ್ಕೆ ರಾಜ್ಯದ ಮಾಹಿತಿ ತಂತ್ರಜ್ಞಾನ ಇಲಾಖೆಯ ಕಾರ್ಯದರ್ಶಿಯ ಮುಂದೆ ದೂರು ಸಲ್ಲಿಸಬಹುದು. ಈ ಕಲಂ 43ಎ ಜಾಗಕ್ಕೆ ಬರುತ್ತಿರುವುದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಮುಖ್ಯ ಹೊಣೆಗಾರಿಕೆಗಳ ಜಾರಿಗೆ ಅಲ್ಲಿಂದ 18 ತಿಂಗಳ ಗಡುವಿದೆ. ಉದ್ದೇಶ ಮುಗಿದ ಮಾಹಿತಿಯನ್ನು ಅಳಿಸುವುದು ಆಗ ಕರ್ತವ್ಯವಾಗುತ್ತದೆ, ಅಳಿಸಿ ಎಂದು ಕೇಳುವುದು ನಾಗರಿಕರ ಹಕ್ಕಾಗುತ್ತದೆ. ಭದ್ರತೆಯಲ್ಲಿ ಲೋಪವೆಸಗಿದವರಿಗೆ ದಂಡದ ಗರಿಷ್ಠ ಮಿತಿ 250 ಕೋಟಿ ರೂಪಾಯಿ.

ರಿಪೇರಿಗೆ ಕೊಟ್ಟ ಕಂಪ್ಯೂಟರಿನಿಂದ ಅನುಮತಿಯಿಲ್ಲದೆ ಕಡತ ನಕಲು ಮಾಡಿಕೊಂಡರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ ಕಲಂ 43 ನೇರವಾಗಿ ಅನ್ವಯಿಸುತ್ತದೆ. ದುರುದ್ದೇಶವಿದ್ದರೆ ಕಲಂ 66ರಡಿ ಮೂರು ವರ್ಷದವರೆಗೆ ಸೆರೆವಾಸ, 5 ಲಕ್ಷದವರೆಗೆ ದಂಡ, ಅಥವಾ ಎರಡೂ. ಮಾರಿದ ಮೇಲೆ ಸಂಗತಿ ಜಟಿಲ. ಡಿಸ್ಕ್ ಕೊಂಡವನದೇ ಆಗಿರುವುದರಿಂದ ‘ಮಾಲೀಕರ ಅನುಮತಿಯಿಲ್ಲದೆ’ ಎಂಬ ವಾದ ಸಡಿಲಾಗುತ್ತದೆ. ಅದರಲ್ಲಿ ಸಿಕ್ಕ ಪಾಸ್‌ವರ್ಡನ್ನೋ ಗುರುತನ್ನೋ ವಂಚನೆಗೆ ಬಳಸಿದರೆ ಮಾತ್ರ ಕಲಂ 66ಸಿ ಇದೆ. ಆದ್ದರಿಂದ ಕಾಯ್ದೆ ನೆರವಿಗೆ ಬರುವುದನ್ನು ಕಾಯದೆ ಮೊದಲೇ ಅಳಿಸುವುದು ಕ್ಷೇಮ.

ಹಳೆಯ ಮಾದರಿಯ, ಒಳಗೆ ತಟ್ಟೆ ತಿರುಗುವ ಡಿಸ್ಕ್ ಆದರೆ ಇಡೀ ಜಾಗದ ಮೇಲೆ ಒಮ್ಮೆ ಸೊನ್ನೆ ಬರೆದರೆ ಸಾಕು. ವಿಂಡೋಸ್‌ನ ‘ರೀಸೆಟ್ ದಿಸ್ ಪಿಸಿ’ಯಲ್ಲಿ ‘ರಿಮೂವ್ ಎವೆರಿಥಿಂಗ್’ ಆರಿಸಿ, ಸೆಟ್ಟಿಂಗ್ಸ್ ಬದಲಿಸುವಲ್ಲಿ ‘ಕ್ಲೀನ್ ಡೇಟಾ’ ಆನ್ ಮಾಡಬೇಕು. ಈ ಒಂದು ಗುಂಡಿಯನ್ನು ಬಿಟ್ಟುಬಿಡುವವರೇ ಹೆಚ್ಚು. ಗಂಟೆಗಟ್ಟಲೆ ಹಿಡಿಯುತ್ತದೆ, ಹಿಡಿಯಲಿ. ತಿರುಗುವ ತಟ್ಟೆಯಿಲ್ಲದ ಎಸ್‌ಎಸ್‌ಡಿಯ ಒಳರಚನೆ ಬೇರೆ. ಮೇಲೆ ಬರೆದರೂ ಹಳೆಯ ತುಣುಕು ಬೇರೆಡೆ ಉಳಿಯಬಹುದು. ತಯಾರಕರೇ ಕೊಡುವ ‘ಸೆಕ್ಯೂರ್ ಇರೇಸ್’ ಸೌಲಭ್ಯವೇ ಅದಕ್ಕೆ ತಕ್ಕದ್ದು. ಕೆಟ್ಟು ನಿಂತ ಡಿಸ್ಕನ್ನು ಅಳಿಸಲಾಗದು, ಬಿಚ್ಚಿ ಒಡೆಸಬೇಕು.

ಅಳಿಸಬಾರದ ಸಂದರ್ಭವೂ ಇದೆ. ನ್ಯಾಯಾಲಯದಲ್ಲಿ ಸಾಕ್ಷ್ಯವಾಗಬೇಕಾದ ವಿದ್ಯುನ್ಮಾನ ದಾಖಲೆಯನ್ನು ತಪ್ಪಿಸಲೆಂದೇ ನಾಶ ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ ಕಲಂ 241ರಡಿ ಮೂರು ವರ್ಷದವರೆಗೆ ಶಿಕ್ಷೆಯುಂಟು. ಜಿಎಸ್‌ಟಿ ಲೆಕ್ಕಪತ್ರಗಳನ್ನು ವಾರ್ಷಿಕ ರಿಟರ್ನ್ಸ್‌ನ ಕೊನೆಯ ದಿನದಿಂದ 72 ತಿಂಗಳು ಕಾಪಾಡಬೇಕು. ಹಾಗಾಗಿ ವ್ಯಾಪಾರಿಗಳು ಮೊದಲು ಬ್ಯಾಕಪ್ ತೆಗೆದಿಟ್ಟು ಆಮೇಲೆ ಡಿಸ್ಕ್ ಒರೆಸಬೇಕು.

2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳಡಿ ನೋಂದಾಯಿತ ಮರುಬಳಕೆದಾರರಿದ್ದಾರೆ. ಅವರಿಗೆ ಕೊಡುವವರು ಡಿಸ್ಕ್‌ನ ಸೀರಿಯಲ್ ನಂಬರ್ ನಮೂದಿಸಿದ ನಾಶ ಪ್ರಮಾಣಪತ್ರ ಕೇಳಿ ಪಡೆಯಬೇಕು. ಆ ಚೀಟಿ ಮುಂದೆ ಸಾಕ್ಷಿಗೆ ಬೇಕಾಗುತ್ತದೆ.

ಮಾಹಿತಿ ಸೋರಿ ಹಣ ಹೋಗಿದ್ದರೆ ಕೂಡಲೇ 1930ಕ್ಕೆ ಕರೆ ಮಾಡಬೇಕು. ಉಳಿದ ದೂರುಗಳಿಗೆ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್ ಅಥವಾ ಸೈಬರ್ ಅಪರಾಧಗಳನ್ನು ನೋಡುವ ಸಿಇಎನ್ ಪೊಲೀಸ್ ಠಾಣೆ ಇದೆ. ಘಟನೆ ನಡೆದ ವ್ಯಾಪ್ತಿ ಯಾವುದೇ ಇರಲಿ, ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ಎಫ್‌ಐಆರ್ ಪ್ರತಿಯನ್ನು ದೂರುದಾರರಿಗೆ ಉಚಿತವಾಗಿ ಕೊಡಬೇಕು. ಅಳಿಸುವ ಬಗ್ಗೆ ಕಿಂಚಿತ್ತೂ ಅನುಮಾನವಿದ್ದವರು ಡಿಸ್ಕನ್ನು ಬಿಚ್ಚಿ ತಮ್ಮಲ್ಲೇ ಇಟ್ಟುಕೊಂಡು ಉಳಿದ ಕಂಪ್ಯೂಟರನ್ನು ಧಾರಾಳವಾಗಿ ಮಾರಲಿ, ದಾನ ಕೊಡಲಿ.