ಕೋಲು ಬಿಡುವ ಮುಂಚೆ

ತಂಗೀ, ಹೋದ ವರ್ಷ ಪೋಲ್‌ವಾಲ್ಟ್‌ನಲ್ಲಿ ಹಾರಿದಷ್ಟು ಎತ್ತರ ಈ ವರ್ಷ ಆಗಲಿಲ್ಲ ಅಂತ ಮೈದಾನಕ್ಕೆ ಹೋಗೋದನ್ನೇ ಬಿಟ್ಟಿದ್ದೀಯಂತೆ. ಮನೆಯಲ್ಲೂ ಹೊಲಿಗೆ ಕಲಿ ಅನ್ನುತ್ತಿದ್ದಾರಂತೆ. ನಮ್ಮ ಕೌಲ್ ಬಜಾರಿನ ಎಷ್ಟೋ ಮನೆಗಳ ಒಲೆ ಉರಿಯೋದು ಜೀನ್ಸ್ ಹೊಲಿಯುವ ಮಿಷನ್ನಿನಿಂದ. ಅವರ ಮಾತನ್ನು ತಳ್ಳಿಹಾಕಲಾರೆ. ಆದರೂ ಗ್ರೀಸಿನ ಕ್ಯಾಟರೀನಾ ಸ್ಟೆಫನಿಡಿಯ ಕಥೆ ಕೇಳಿ ಆಮೇಲೆ ತೀರ್ಮಾನ ಮಾಡು.

2005ರಲ್ಲಿ, 15ರ ಹುಡುಗಿ, ವಿಶ್ವ ಯೂತ್ ಕೂಟದ ಪೋಲ್‌ವಾಲ್ಟ್‌ನಲ್ಲಿ ಚಿನ್ನ ಗೆದ್ದಳು. 2007ರಲ್ಲಿ ಅದೇ ಕೂಟದಲ್ಲಿ ಬೆಳ್ಳಿ. 2008ರ ವಿಶ್ವ ಜೂನಿಯರ್‌ನಲ್ಲಿ ಕಂಚು. ನೋಡಿದವರು ಇವಳ ಕಾಲ ಮುಗಿಯಿತು ಅಂದುಕೊಂಡಿದ್ದರೆ ತಪ್ಪೇನಿಲ್ಲ. ಅವಳು ಅಮೆರಿಕದ ಸ್ಟ್ಯಾನ್‌ಫರ್ಡ್‌ಗೆ ಓದಲು ಹೋದಳು, ಕೋಲನ್ನೂ ಹಿಡಿದೇ ಇದ್ದಳು. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಅರ್ಹತಾ ಸುತ್ತನ್ನೇ ದಾಟಲಿಲ್ಲ. ಆಗವಳಿಗೆ 22, ನಮ್ಮ ಓಣಿಯಲ್ಲಾಗಿದ್ದರೆ ಗಂಡು ನೋಡಲು ಶುರುಮಾಡಿರುತ್ತಿದ್ದರು.

2016ರ ರಿಯೋದಲ್ಲಿ ಅವಳೂ ಅಮೆರಿಕದ ಸ್ಯಾಂಡಿ ಮೋರಿಸ್ಸೂ 4.85 ಮೀಟರ್ ಹಾರಿದರು. ಎತ್ತರ ಸಮವಾದರೆ ಯಾರು ಕಡಿಮೆ ಸಲ ತಪ್ಪಿದರು ಅಂತ ಎಣಿಸುತ್ತಾರೆ. ಚಿನ್ನ ಸ್ಟೆಫನಿಡಿಗೆ ಬಂತು. ಮರುವರ್ಷ ವಿಶ್ವ ಚಾಂಪಿಯನ್‌ಷಿಪ್ ನಡೆದದ್ದು ಹಿಂದೆ ಸೋತಿದ್ದ ಅದೇ ಲಂಡನ್ ಕ್ರೀಡಾಂಗಣದಲ್ಲಿ. ಅಲ್ಲಿ 4.91 ಹಾರಿ ಗೆದ್ದಳು.

ಈಗ ನಿನ್ನ ವಿಷಯ. ನಿನಗೆ ಮೈ ತುಂಬುವ ವಯಸ್ಸು. ಎತ್ತರ, ತೂಕ ಎರಡೂ ಏರಿವೆ. ಫೈಬರ್ ಕೋಲಿನ ಮೇಲೆ ಅದರ ಉದ್ದ, ಎಷ್ಟು ತೂಕದವರಿಗೆ ಅನ್ನೋದು ಬರೆದಿರುತ್ತದೆ, ಮೊದಲು ಅದನ್ನು ಓದು. ನಿನ್ನ ತೂಕಕ್ಕಿಂತ ಕಡಿಮೆಯದಾದರೆ ಅದು ಅತಿಯಾಗಿ ಬಾಗುತ್ತದೆ, ಮುರಿಯಲೂಬಹುದು. ಓಟದ ಹೆಜ್ಜೆ ಉದ್ದವಾಗಿದ್ದರೆ ಓಟ ಶುರುಮಾಡುವ ಜಾಗದ ಗುರುತೂ ಬದಲಾಗಬೇಕು. ಹಳೆಯ ಗುರುತಿನಿಂದಲೇ ಓಡಿದರೆ ಕೋಲು ಊರುವ ಪೆಟ್ಟಿಗೆಗೆ ತೀರಾ ಹತ್ತಿರ ಬಂದು, ನೆಗೆಯುವ ಹೊತ್ತಿಗೆ ಮೈ ಅದರಡಿ ಸಿಕ್ಕಿಕೊಳ್ಳುತ್ತದೆ. ಇವನ್ನು ಸರಿಮಾಡದೆ ನಿನ್ನಲ್ಲಿ ಶಕ್ತಿ ಇಲ್ಲ ಅಂದುಬಿಟ್ಟರೆ ಹೇಗೆ? ಮ್ಯಾಟ್ ಇಲ್ಲದ ಕಡೆ ಮಾತ್ರ ಯಾರು ಹುರಿದುಂಬಿಸಿದರೂ ಹಾರಬೇಡ.

ನಮ್ಮ ರಾಜ್ಯದ ಖ್ಯಾತಿ ವಖಾರಿಯಾ ಇದೇ ಆಟದಲ್ಲಿ ರಾಷ್ಟ್ರಮಟ್ಟದ ಪದಕ ತಂದವಳು. ತೋರಣಗಲ್ಲಿನ ಹತ್ತಿರ ಇನ್‌ಸ್ಪೈರ್ ಕ್ರೀಡಾ ಸಂಸ್ಥೆ 2018ರಿಂದ ಇದೆ. ಅಲ್ಲಿನ ಅಥ್ಲೆಟಿಕ್ಸ್ ಕೋಚ್‌ಗಳನ್ನು ಒಮ್ಮೆ ಕಂಡು ಬಾ. ಪಿಯುಸಿ ಬಿಡಬೇಡ, ಹೊಲಿಗೆ ಕಲಿತರೂ ನಷ್ಟವಿಲ್ಲ. ಅಪ್ಪನ ಹತ್ತಿರ ನಾನು ಮಾತಾಡುತ್ತೇನೆ. ಸೋಮವಾರದಿಂದ ಮೈದಾನಕ್ಕೆ ಹೋಗು.